ಪರಸ್ಥಳಕ್ಕೆ ಬಂದವರೂ ಮಕ್ಕಳ ಪ್ರಾಥಮಿಕ ಶಾಲೆಯೂ

ಒಂದು ಕುಟುಂಬವು ತನ್ನ ಊರನ್ನು ಬಿಟ್ಟು ಮತ್ತೊಂದು ಊರಿಗೆ ಬಂದಾಗ ಮೊದಲು ವಿಚಾರಿಸುವದು ಬಾಡಿಗೆಯ ಮನೆಯನ್ನು. ಆ ಮೇಲೆ ನೀರನ್ನು, ಹಾಲನ್ನು, ಸಂತೆಯ ದಿನವನ್ನು. ಮಕ್ಕಳ ಶಾಲೆಯ ಮಾತು ಬರುವದು ಎಲ್ಲಕ್ಕಿಂತ ಕಡೆಗೆ. ಅದೂ ನೆರೆಮನೆಯವರೊಡನೆ ಬಾಗಿಲಲ್ಲಿ ನಿಂತು ಆಡುವ ಎರಡು ಮಾತಿನಲ್ಲಿ ತೀರಿಹೋಗುವದು. ಮನೆಯು ಸರಿಬೀಳದಿದ್ದರೆ ಆರು ತಿಂಗಳಲ್ಲಿ ಬಿಟ್ಟು ಬೇರೆ ಮನೆಗೆ ಹೋಗಬಹುದು. ಆದರೆ ಆರು ವರುಷದ ಕೂಸು ಓದುಬರಹದ ಮೊದಲನೆಯ ಮೆಟ್ಟಿಲಲ್ಲಿ ಎಡವಿದರೆ ಆ ನೋವು ಹೈಸ್ಕೂಲಿನ ಬಾಗಿಲವರೆಗೂ ಅದರ ಬೆನ್ನು ಬಿಡದು. ಎಂಟನೆಯ ತರಗತಿಗೆ ಬಂದ ಬಾಲಿಕೆಯು ಲೆಕ್ಕದಲ್ಲಿ ಹಿಂದೆ ಬೀಳುವದಕ್ಕೆ ಎಂಟನೆಯ ತರಗತಿಯ ಲೆಕ್ಕವೇ ಕಾರಣವಾಗಿರುವದು ಅಪರೂಪ. ಎರಡನೆಯ ಮೂರನೆಯ ತರಗತಿಯಲ್ಲಿ ಕೈತಪ್ಪಿದ ಕೂಡುವ ಕಳೆಯುವ ಲೆಕ್ಕವೇ ಬಹುಸಾರಿ ಕಾರಣವು. ಆದಕಾರಣ ಪ್ರಾಥಮಿಕ ಶಾಲೆಯ ಆಯ್ಕೆಯನ್ನು ಕುರಿತು ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವದು ಅಯುಕ್ತವಾಗಲಾರದೆಂದು ನಂಬುತ್ತೇವೆ. ಇಲ್ಲಿ ಓದಿ ಹೋದ ಸಹೋದರಿಯರಲ್ಲಿ ಅನೇಕರು ಈಗ ತಾಯಂದಿರು. ವರ್ಗದ ಮೇಲೆ ಊರೂರು ತಿರುಗುವವರೂ ಅವರಲ್ಲಿ ಉಂಟು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಕೂಡ್ಲಿಗಿಯು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಕೊಟ್ಟೂರು ಗುರು ಬಸವೇಶ್ವರನ ತೇರಿನಿಂದಲೂ ಹಡಗಲಿಯು ಮಲ್ಲಿಗೆ ಹೂವಿನಿಂದಲೂ ಹೆಸರಾದವು. ಹಗರಿಬೊಮ್ಮನಹಳ್ಳಿಯು ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ರೈಲು ದಾರಿಯಲ್ಲಿದೆ. ಹರಪನಹಳ್ಳಿಯು ಪಾಳೆಯಗಾರರ ಕಾಲದ ಹಳೆಯ ಪೇಟೆ. ಹೊಸಪೇಟೆಯೊಡನೆ ಈ ಐದು ತಾಲೂಕುಗಳು ಕೂಡಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಇಲ್ಲಿಗೆ ಬ್ಯಾಂಕಿನವರು, ದಾದಿಯರು, ಪೊಲೀಸರು, ಉಪಾಧ್ಯಾಯರು, ಇಂಜಿನಿಯರರು ವರುಷವರುಷವೂ ಹೊಸಬರಾಗಿ ಬರುತ್ತಾರೆ. ಇದೇ ತಾಲೂಕುಗಳ ಮಳೆಯನ್ನೇ ನಂಬಿದ ಹೊಲಗಳಿಂದಲೂ ತಾಂಡಾಗಳಿಂದಲೂ ಎಷ್ಟೋ ಕುಟುಂಬಗಳು ಸುಗ್ಗಿ ತೀರಿದೊಡನೆ ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಕಬ್ಬಿನ ಗದ್ದೆಗಳಿಗೂ ಹೋಗುತ್ತವೆ. ಬರುವವನೂ ಹೊಸಬನೇ, ಹೋಗುವವನೂ ಹೊಸಬನೇ. ಒಬ್ಬನಿಗೆ ಆಯ್ಕೆಯು ಹೆಚ್ಚಾಗಿ ತೊಡಕು. ಮತ್ತೊಬ್ಬನಿಗೆ ಆಯ್ಕೆಯೇ ಇಲ್ಲದೆ ತೊಡಕು. ಮೊದಲು ಮೊದಲನೆಯವನ ಮಾತನ್ನು ನೋಡೋಣ.

ವರ್ಗವಾಗಿ ಬಂದವರು ಶಾಲೆಯನ್ನು ಆರಿಸುವ ರೀತಿಯು ಹೀಗಿರುತ್ತದೆ. ಹಳದಿ ಬಸ್ಸು ಮನೆಯ ಬಾಗಿಲಿಗೆ ಬರುವದೋ, ಕೊರಳಪಟ್ಟಿ ಇದೆಯೋ, ಫೀಜು ಎಷ್ಟು, ಮೇಲಧಿಕಾರಿಗಳ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಇಷ್ಟನ್ನು ಕೇಳಿದರೆ ವಿಚಾರಣೆ ಮುಗಿಯಿತು. ಫೀಜು ಹೆಚ್ಚಾದಷ್ಟೂ ವಿದ್ಯೆ ಹೆಚ್ಚೆಂದು ತಿಳಿಯುವವರು ಉಂಟು. ಇದಕ್ಕಿಂತಲೂ ವ್ಯಸನಕರವಾದದ್ದು ಮತ್ತೊಂದಿದೆ. ಒಂದೇ ಮನೆಯ ಮಗನು ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುವನು. ಮಗಳು ನಡೆದು ಓಣಿಯ ಶಾಲೆಗೆ ಹೋಗುವಳು. ಕೇಳಿದರೆ, ಇಬ್ಬರಿಗೂ ಫೀಜು ಕಟ್ಟುವ ಶಕ್ತಿ ಇಲ್ಲವೆಂಬ ಉತ್ತರ. ಓಣಿಯ ಶಾಲೆಯು ಕೀಳೆಂದು ನಾವು ಹೇಳುತ್ತಿಲ್ಲ; ಅನೇಕ ಕಡೆ ಅದೇ ಮೇಲಾಗಿರುವದು. ಆದರೆ ತಂದೆಯು ಕೀಳೆಂದು ತಿಳಿದದ್ದನ್ನು ಮಗಳ ಪಾಲಿಗೆ ಇಟ್ಟನಲ್ಲಾ, ಅದನ್ನು ಹುಡುಗಿಯು ಅರಿಯದೆ ಇರಳು. ಓದಿನ ಪಾಠಕ್ಕೆ ಮುಂಚೆಯೇ ಅವಳು ತನ್ನ ಬೆಲೆಯ ಪಾಠವನ್ನು ಕಲಿತುಬಿಡುವಳು. ಒಂದು ಮನೆಯ ಮಕ್ಕಳಿಗೆ ಒಂದೇ ಬಗೆಯ ಶಾಲೆ ಇರತಕ್ಕದ್ದೆಂಬದು ನಮ್ಮ ಮೊದಲನೆಯ ಅಭಿಪ್ರಾಯವು.

ಈ ಸೀಮೆಯ ಪೂರ್ವಸ್ಥಿತಿಯನ್ನು ಬಲ್ಲವರಿಗೆ ಈ ಮಾತಿನ ಭಾರವು ಚೆನ್ನಾಗಿ ತಿಳಿಯುವದು. ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಸುಮಾರು ಏಳೇ ಮಂದಿ. ಆ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷ್ ಶಾಲೆ ಒಂದೇ ಒಂದು. ಆ ಎಲ್ಲ ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ? ಅರವತ್ತೇ ಮಂದಿ! ಬಡತನದ ದೆಸೆಯಿಂದ ತಂದೆತಾಯಿಗಳು ಫೀಜು ಕೊಡಲಾರದೆ, ಮಕ್ಕಳ ಕೈಕಾಲು ಕೆಲಸಕ್ಕೆ ಬಂದೊಡನೆ ಶಾಲೆ ಬಿಡಿಸುತ್ತಾರೆಂದು ಆ ಕಲೆಕ್ಟರನು ವರದಿಯಲ್ಲಿ ತಿಳಿಸಿದ್ದಾನೆ. ಇನ್ನೂರು ವರುಷಗಳಲ್ಲಿ ಆ ಅರವತ್ತು ಮಂದಿ ಲಕ್ಷಗಟ್ಟಲೆಯಾದರು. ಕೂಡ್ಲಿಗಿಯಲ್ಲಿಯೂ ಹಡಗಲಿಯಲ್ಲಿಯೂ ಈಗ ಹೆಣ್ಣುಮಕ್ಕಳಿಗೆ ಶಾಲೆಯು ಅಪರೂಪವಲ್ಲ. ಇಷ್ಟು ದೂರ ನಡೆದು ಬಂದ ಮೇಲೆ ಮಗನಿಗೊಂದು ಮಗಳಿಗೊಂದು ಎಂದು ಪಂಕ್ತಿಭೇದ ಮಾಡುವದು ನಮಗೆ ಶೋಭಿಸುವ ಕೆಲಸವಲ್ಲ.

ಹಾಗಾದರೆ ಒಳ್ಳೆಯ ಶಾಲೆಯನ್ನು ಗುರುತಿಸುವದು ಹೇಗೆ? ಕಿವಿಯಿಂದ ಆರಿಸಬೇಡಿರಿ, ಕಣ್ಣಿನಿಂದ ಆರಿಸಿರಿ. ವಾರ್ಷಿಕೋತ್ಸವದ ದಿನವಾಗಲಿ ಧ್ವಜವಂದನೆಯ ದಿನವಾಗಲಿ ಹೋಗದೆ ಸಾಧಾರಣವಾದ ಒಂದು ಮಂಗಳವಾರ ಹೋಗಿ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಒಂದು ತಾಸು ಕುಳಿತುಕೊಳ್ಳಿರಿ. ಮೊದಲು ಉಪಾಧ್ಯಾಯರನ್ನು ಎಣಿಸಿರಿ. ಹಾಜರಿ ಪುಸ್ತಕದಲ್ಲಿ ಇರುವವರನ್ನಲ್ಲ, ತರಗತಿಯಲ್ಲಿ ನಿಂತಿರುವವರನ್ನು. 2009ರ ಶಿಕ್ಷಣ ಹಕ್ಕಿನ ಕಾನೂನು ಒಂದರಿಂದ ಐದನೆಯ ತರಗತಿವರೆಗೆ ಅರವತ್ತು ಮಕ್ಕಳಿರುವಲ್ಲಿ ಇಬ್ಬರು ಉಪಾಧ್ಯಾಯರು, ತೊಂಬತ್ತರವರೆಗೆ ಮೂವರು, ನೂರ ಇಪ್ಪತ್ತರವರೆಗೆ ನಾಲ್ವರು ಇರಬೇಕೆಂದು ವಿಧಿಸಿದೆ. ವರುಷಕ್ಕೆ 200 ದಿವಸ ಶಾಲೆ ನಡೆಯಬೇಕೆಂದೂ 800 ತಾಸು ಪಾಠವಾಗಬೇಕೆಂದೂ ಹೇಳಿದೆ. ಐದು ತರಗತಿಗಳಿಗೆ ಒಬ್ಬನೇ ಉಪಾಧ್ಯಾಯನಿದ್ದು ಅವನೂ ವಾರಕ್ಕೆರಡು ದಿನ ಕಾಗದಪತ್ರದ ಕೆಲಸಕ್ಕೆ ತಾಲೂಕು ಊರಿಗೆ ಓಡುವವನಾದರೆ, ಅವನು ಎಷ್ಟೇ ಸಜ್ಜನನಾಗಿರಲಿ, ಅಲ್ಲಿ ಮಗುವನ್ನು ಸೇರಿಸಲು ಹಿಂಜರಿಯುವ ತಾಯಿಯನ್ನು ನಾವು ದೂರಲಾರೆವು.

ಆದರೆ ಒಂದು ಸಂಗತಿಯನ್ನು ಹೊಸಬರು ತಪ್ಪು ತಿಳಿಯಬಾರದು. ಸರಕಾರಿ ಕನ್ನಡ ಶಾಲೆಯಲ್ಲಿ ಒಂದು ಎರಡು ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಚೀಟಿಗಳನ್ನು ಹಿಡಿದುಕೊಂಡಿರುವದನ್ನು ಕಂಡು, ಇಲ್ಲಿ ಪಾಠವೇ ಇಲ್ಲವೆಂದು ಹಿಂದಿರುಗುವವರು ಉಂಟು. ಅದು ನಲಿಕಲಿ ಎಂಬ ಕ್ರಮವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಶಾಲೆಗಳ ಕ್ರಮವನ್ನು ನೋಡಿ ಬಂದು ಇದನ್ನು ರೂಪಿಸಿದರು. 2009-10ರಿಂದ ಇದು ರಾಜ್ಯದಲ್ಲೆಲ್ಲಾ ಹಬ್ಬಿತು. ಕಲಿಯತಕ್ಕ ವಿಷಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಏಣಿಯಂತೆ ಗೋಡೆಗೆ ತೂಗಹಾಕಿರುವರು. ಮಗು ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ ಮುಂದಿನದನ್ನು ಏರುವದು. ಕೆಲವರು ಉಪಾಧ್ಯಾಯರ ಸಂಗಡ ಕುಳಿತು ಕಲಿಯುವರು, ಕೆಲವರು ಜೊತೆಯ ಮಕ್ಕಳಿಂದ, ಕೆಲವರು ತಾವಾಗಿ. ಎಂಟು ದಿನ ಜ್ವರ ಬಂದು ಬಿಟ್ಟ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮೊದಲುಮಾಡುವದು. ವರುಷದ ನಡುವೆ ಬೇರೆ ಊರಿನಿಂದ ಬಂದ ಮಗುವಿಗೂ ಇದು ಬಹಳ ಅನುಕೂಲವು. ಹಿರಿಯ ಮಕ್ಕಳು ಕಿರಿಯರಿಗೆ ಹೇಳಿಕೊಡುವ ಪದ್ಧತಿಯನ್ನು 1823ರಲ್ಲಿ ಆ ಕಲೆಕ್ಟರನೂ ಬಳ್ಳಾರಿಯ ಶಾಲೆಗಳಲ್ಲಿ ಕಂಡು ಮೆಚ್ಚಿದ್ದನು. ಆದಕಾರಣ ಮಕ್ಕಳು ನೆಲದ ಮೇಲೆ ಕುಳಿತಿರುವರೆಂಬದು ದೋಷವಲ್ಲ. ಏಣಿಯು ಗೋಡೆಯ ಮೇಲೆ ಇದ್ದು ಮಕ್ಕಳು ಅದನ್ನು ಮುಟ್ಟದೆ ಇರುವದು ದೋಷವು.

ಇನ್ನು ಪರೀಕ್ಷಿಸುವದಾದರೆ ಕಟ್ಟಡವನ್ನು ಬಿಟ್ಟು ಬರಹದ ಪುಸ್ತಕವನ್ನು ನೋಡಿರಿ. ಮೂರನೆಯ ತರಗತಿಯ ಐದು ಮಕ್ಕಳ ಪುಸ್ತಕಗಳಲ್ಲಿ ಒಂದೇ ವಾಕ್ಯವೂ ಒಂದೇ ತಪ್ಪೂ ಇದ್ದರೆ ಅದು ಹಲಗೆಯಿಂದ ಇಳಿಸಿಕೊಂಡದ್ದು. ಐದು ಬಗೆಯ ವಾಕ್ಯ, ಐದು ಬಗೆಯ ತಪ್ಪು, ಅದರ ಮೇಲೆ ಉಪಾಧ್ಯಾಯಿನಿಯ ತಿದ್ದುಪಡಿ ಇದ್ದರೆ ಅಲ್ಲಿ ವಿದ್ಯೆ ನಡೆಯುತ್ತಿದೆಯೆಂದು ತಿಳಿಯಿರಿ. ಪಾಠಪುಸ್ತಕದಲ್ಲಿ ಇಲ್ಲದ ಎರಡು ಸಾಲನ್ನು ಮಗುವಿನಿಂದ ಓದಿಸಿರಿ. ಈ ಪರೀಕ್ಷೆಯನ್ನು ಫೀಜಿನ ಶಾಲೆಯಲ್ಲಿಯೂ ಫೀಜಿಲ್ಲದ ಶಾಲೆಯಲ್ಲಿಯೂ ಸಮನಾಗಿ ಮಾಡಿರಿ. ಫಲವು ಕೆಲವು ಸಾರಿ ನಿಮ್ಮನ್ನು ಬೆರಗುಗೊಳಿಸಬಹುದು.

ಮುಂದೆ ನೀರನ್ನು ನೋಡಿರಿ. ಈ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚಾಗಿರುವ ಗ್ರಾಮಗಳು ಉಂಟು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗೆ ಮೀರಿದರೆ ಅದು ಬೆಳೆಯುವ ಮಕ್ಕಳ ಹಲ್ಲನ್ನೂ ಎಲುಬನ್ನೂ ಕೆಡಿಸುವದು. ಮಕ್ಕಳು ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಕೇಳುವದರಲ್ಲಿ ಸಂಕೋಚ ಬೇಡ. ಹುಡುಗಿಯರ ಪಾಯಖಾನೆಗೆ ಬೀಗ ಹಾಕಿದೆಯೋ, ಬೀಗದ ಕೈ ಯಾರ ಹತ್ತಿರ ಇದೆಯೋ ವಿಚಾರಿಸಿರಿ. ಬೀಗ ಹಾಕಿದ ಪಾಯಖಾನೆಯು ಇಲ್ಲದ್ದಕ್ಕೆ ಸಮಾನವು. ಬಿಸಿಯೂಟವು ಬಳ್ಳಾರಿ ಮುಂತಾದ ಏಳು ಜಿಲ್ಲೆಗಳಲ್ಲಿ 2002ರಲ್ಲಿಯೇ ಮೊದಲಾಯಿತು. ಅನ್ನ ಸಾರನ್ನು ರುಚಿ ನೋಡಿದರೆ ಸಾಲದು. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವರೋ ನೋಡಿರಿ. ಬೆಳಿಗ್ಗೆ ಅಂಗಳ ಗುಡಿಸುವವರು ಯಾರೆಂಬದನ್ನೂ ನೋಡಿರಿ. ಸರತಿಯಂತೆ ಎಲ್ಲರೂ ಗುಡಿಸುವದು ಶಿಕ್ಷಣವು. ಯಾವಾಗಲೂ ಹೆಣ್ಣುಮಕ್ಕಳೇ, ಅವರಲ್ಲಿಯೂ ಕೇರಿಯ ಮಕ್ಕಳೇ ಗುಡಿಸುವದಾದರೆ, ಆ ಶಾಲೆಯು ಪಾಠದಲ್ಲಿ ಎಷ್ಟೇ ಮುಂದಿರಲಿ, ಮಕ್ಕಳಿಗೆ ಮತ್ತೇನನ್ನೋ ಕಲಿಸುತ್ತಿದೆ.

ಮಗುವನ್ನು ಮಾತಾಡಿಸುವ ರೀತಿಯು ಎಲ್ಲಕ್ಕಿಂತ ದೊಡ್ಡ ಗುರುತು. ಈ ತಾಲೂಕುಗಳಲ್ಲಿ ಮನೆಯೊಳಗೆ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಕ್ಕಳು ಬಹಳ. ಹರಪನಹಳ್ಳಿಯ ಕಡೆಯ ತಾಂಡಾದಿಂದ ಬಂದ ಮಗುವಿಗೆ ಶಾಲೆಯ ಕನ್ನಡವೇ ಪರಭಾಷೆ. ಅದು ಸುಮ್ಮನೆ ಕುಳಿತರೆ ಮಂದಬುದ್ಧಿಯೆಂದು ಬರೆಯುವ ಉಪಾಧ್ಯಾಯರೂ ಉಂಟು. ಆರು ತಿಂಗಳು ತಾಳಿ, ಅದರ ಮಾತಿನ ನಾಲ್ಕು ಪದ ತಾವೇ ಕಲಿತು, ಅದನ್ನು ಮಾತಿಗೆಳೆಯುವವರೂ ಉಂಟು. ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತಾದರೂ ಆ ತಾಯಂದಿರ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಓದಿದ್ದಾರೆ. ತರಗತಿಯೆಲ್ಲಾ ಕೇಳುವಂತೆ "ನಿನ್ನ ತಂದೆಯ ಹೆಸರೇನು?" ಎಂದು ಕೂಗುವ ಶಾಲೆಯನ್ನೂ, ತಾಯಿಯ ಹೆಸರನ್ನು ಬರೆದುಕೊಂಡು ಮಗುವನ್ನು ಒಳಗೆ ಕರೆದುಕೊಳ್ಳುವ ಶಾಲೆಯನ್ನೂ ತಕ್ಕಡಿಯಲ್ಲಿ ಇಟ್ಟು ನೋಡಿರಿ. ನಿಮ್ಮ ಮಗುವಿಗೆ ಆ ಪ್ರಶ್ನೆಯಿಂದ ಬಾಧೆಯಿಲ್ಲದಿರಬಹುದು. ಆದರೂ ಬಲಹೀನ ಮಗುವನ್ನು ನಡಿಸುವ ರೀತಿಯಿಂದಲೇ ಶಾಲೆಯ ಗುಣವನ್ನು ಅಳೆಯತಕ್ಕದ್ದು. ಯಾಕಂದರೆ ಹೊಸ ಊರಿನಲ್ಲಿ ಮೊದಲ ತಿಂಗಳು ನಿಮ್ಮ ಮಗುವೇ ಎಲ್ಲರಿಗಿಂತ ಬಲಹೀನವಾಗಿರುವದು.

ಇನ್ನು ಮಾಧ್ಯಮದ ಪ್ರಶ್ನೆ. ಮಾತೃಭಾಷೆಯಲ್ಲಿಯೇ ಪ್ರಾಥಮಿಕ ಶಿಕ್ಷಣವಾಗಬೇಕೆಂದು ರಾಜ್ಯವು 1994ರಲ್ಲಿ ಮಾಡಿದ ಆಜ್ಞೆಯು ಬಹುಕಾಲ ವ್ಯಾಜ್ಯದಲ್ಲಿದ್ದು, 2014ರಲ್ಲಿ ಸುಪ್ರೀಂ ಕೋರ್ಟು ಅಂಥ ಕಡ್ಡಾಯವು ಸಲ್ಲದೆಂದು ತೀರ್ಪು ಕೊಟ್ಟಿತು. ಆದಕಾರಣ ಆಯ್ಕೆಯು ತಂದೆತಾಯಿಗಳದ್ದೇ. ಬಲವಂತ ಹೋದ ಮೇಲೆ ವಿವೇಕದ ಹೊಣೆ ಹೆಚ್ಚಾಯಿತು. ಇಂಗ್ಲಿಷು ಬೇಕೆಂಬ ಆಸೆಯನ್ನು ನಾವು ಹಳಿಯುವವರಲ್ಲ. ಅದು ನ್ಯಾಯವಾದ ಆಸೆ. ಆದರೆ ಮನೆಯಲ್ಲಿಯೂ ಓಣಿಯಲ್ಲಿಯೂ ಕನ್ನಡವನ್ನೇ ಕೇಳುವ ಮಗುವಿಗೆ, ತಾನೇ ಇಂಗ್ಲಿಷಿನಲ್ಲಿ ತಡವರಿಸುವ ಉಪಾಧ್ಯಾಯಿನಿಯು ಇಂಗ್ಲಿಷಿನಲ್ಲಿ ಲೆಕ್ಕ ಕಲಿಸಿದರೆ, ಮಗುವಿಗೆ ಇಂಗ್ಲಿಷೂ ಬರದು, ಲೆಕ್ಕವೂ ಬರದು. ಬೋರ್ಡಿನ ಮೇಲೆ ಬರೆದ ಮಾಧ್ಯಮವನ್ನು ನೋಡದೆ ಉಪಾಧ್ಯಾಯಿನಿಯ ಬಾಯಲ್ಲಿ ಇರುವ ಮಾಧ್ಯಮವನ್ನು ಕೇಳಿರಿ. ನಮಗೆ ಮೂರು ವರುಷಕ್ಕೆ ವರ್ಗವಾಗುವದು, ಕನ್ನಡ ಶಾಲೆಯಾದರೆ ಮುಂದೆ ತೊಡಕೆಂದು ಕೆಲವರು ಹೇಳುವರು. ಹೊರರಾಜ್ಯಗಳಿಗೆ ಹೋಗತಕ್ಕವರ ವಿಷಯದಲ್ಲಿ ಈ ಮಾತು ನಿಜವು. ಅವರು ತಮ್ಮ ಅನುಕೂಲವನ್ನು ನೋಡಿಕೊಳ್ಳಲಿ. ಕರ್ನಾಟಕದೊಳಗೇ ತಿರುಗುವವರಿಗಾದರೋ ಕೊಟ್ಟೂರಿನ ಸರಕಾರಿ ಶಾಲೆಯ ಪಾಠಪುಸ್ತಕವೇ ಕಾರವಾರದಲ್ಲಿಯೂ ಕೋಲಾರದಲ್ಲಿಯೂ ಇರುವದು. ಮೇಲಿಂದ ಮೇಲೆ ಊರು ಬದಲಾಯಿಸುವ ಮಗುವಿಗೆ ಇದಕ್ಕಿಂತ ದೊಡ್ಡ ಆಸರೆ ಯಾವದು?

ಕಾನೂನಿನ ನಾಲ್ಕು ಅಂಶಗಳನ್ನು ಹೊಸಬರು ಮನಸ್ಸಿನಲ್ಲಿಡುವದು ಒಳ್ಳೇದು. ಒಂದು ಶಾಲೆಯಿಂದ ಸರಕಾರಿ ಶಾಲೆಗಾಗಲಿ ಅನುದಾನಿತ ಶಾಲೆಗಾಗಲಿ ವರ್ಗವಾಗುವ ಹಕ್ಕು ಮಗುವಿಗೆ ಉಂಟು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಪತ್ರ ಬರುವದು ತಡವಾಯಿತೆಂಬ ನೆವದಿಂದ ಹೊಸ ಶಾಲೆಯು ಮಗುವನ್ನು ಹೊರಗೆ ನಿಲ್ಲಿಸಕೂಡದು. ಜನನ ಪತ್ರವಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದು. ಈ ಕಾನೂನಿಗೆ ಒಳಪಟ್ಟ ಶಾಲೆಯು ಮಗುವಿಗಾಗಲಿ ತಂದೆತಾಯಿಗಳಿಗಾಗಲಿ ಪರೀಕ್ಷೆ ಇಟ್ಟು ಆರಿಸಿಕೊಳ್ಳಕೂಡದು. ಇದರ ಸಂಗಡ ಈ ಸೀಮೆಯ ಒಂದು ವಿಶೇಷವನ್ನೂ ಹೇಳಬೇಕು. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಬಂತು. ಊರಿನ ಕಲ್ಲು ಕದಲದಿದ್ದರೂ ಜಿಲ್ಲೆಯು ಮೂರು ಸಾರಿ ಕದಲಿತು! ಒಂದೇ ಮನೆಯ ಮೂರು ಮಕ್ಕಳ ಕಾಗದಗಳಲ್ಲಿ ಮೂರು ಜಿಲ್ಲೆಗಳ ಹೆಸರಿರುವದು ಇಲ್ಲಿ ಆಶ್ಚರ್ಯವಲ್ಲ. ದೂರದ ಊರಿನ ಗುಮಾಸ್ತರು ಅದನ್ನು ತಪ್ಪೆಂದು ತಿಳಿದು ಹಿಂದಿರುಗಿಸಿದರೆ ಈ ಇತಿಹಾಸವನ್ನು ತಿಳಿಸಿ ಹೇಳಿರಿ.

ದೂರವನ್ನೂ ಮರೆಯಬಾರದು. ಐದನೆಯ ತರಗತಿವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬದು ನಿಯಮವು. ಇದು ಕೇವಲ ಕಾಲುನೋವಿನ ಲೆಕ್ಕವಲ್ಲ. ನಡೆದು ಹೋಗಬಹುದಾದ ಶಾಲೆಯ ಮಗುವಿಗೆ ಓಣಿಯಲ್ಲಿಯೇ ಗೆಳೆಯರು ದೊರೆಯುವರು. ಗೆಳೆಯರ ತಾಯಂದಿರು ನಿಮ್ಮ ಗೆಳತಿಯರಾಗುವರು. ಹೀಗೆ ಪರಸ್ಥಳವು ಸ್ವಸ್ಥಳವಾಗುವದು. ಹದಿನೈದು ಮೈಲಿ ಬಸ್ಸಿನಲ್ಲಿ ಹೋಗಿಬರುವ ಮಗು ಮೂರು ವರುಷವಾದರೂ ಆ ಊರಿಗೆ ಹೊಸಬನಾಗಿಯೇ ಉಳಿಯುವದು. ಹುಡುಗಿಯರ ವಿಷಯದಲ್ಲಿ ಹತ್ತಿರವು ಮತ್ತಷ್ಟು ಮುಖ್ಯವು. ದೂರವೆಂಬದೇ ಅವಳನ್ನು ಶಾಲೆ ಬಿಡಿಸುವದಕ್ಕೆ ಮೊದಲನೆಯ ನೆವವಾಗುವದು.

ಇಷ್ಟೆಲ್ಲಾ ನೋಡಿ ಆರಿಸುವದು ಬಿಡುವುಳ್ಳವರ ಭಾಗ್ಯವು. ಗುಳೆ ಹೋಗುವ ತಾಯಿಗೆ ಒಂದು ಮಂಗಳವಾರದ ಕೂಲಿ ಬಿಟ್ಟು ಶಾಲೆ ನೋಡುವದು ಸಾಧ್ಯವಿಲ್ಲ. ಅವಳ ಮಗಳು ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಮರಳರಾಶಿಯ ಪಕ್ಕದಲ್ಲಿ ದಿನಗಳೆಯುವಳು. ಇಂಥ ಮಕ್ಕಳಿಗಾಗಿ ಊರಿನಲ್ಲಿಯೇ ನಿಲ್ಲಿಸಿಕೊಳ್ಳುವ ಋತುಮಾನದ ವಸತಿನಿಲಯಗಳೂ, ಕೆಲಸದ ಸ್ಥಳಗಳಲ್ಲಿ ಟೆಂಟು ಶಾಲೆಗಳೂ, ಆರನೆಯ ತರಗತಿಯಿಂದ ಹುಡುಗಿಯರಿಗೆ 2004ರಲ್ಲಿ ಮೊದಲಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಉಂಟು. ಆದರೆ ಅವುಗಳ ಸುದ್ದಿಯು ಆ ತಾಯಿಗೆ ಮುಟ್ಟಬೇಕಲ್ಲವೇ? ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಂಡು ಬಿಟ್ಟುಹೋದ ಪಾಠವನ್ನು ಬೇರೆಯಾಗಿ ಹೇಳಿಕೊಡತಕ್ಕದ್ದೆಂದು ಕಾನೂನು ಹೇಳುವದನ್ನು ಅವಳಿಗೆ ತಿಳಿಸುವವರಾರು? ಅಕ್ಷರ ಬಲ್ಲ ನಾವೇ ತಿಳಿಸತಕ್ಕದ್ದು. ನಿಮ್ಮ ಮನೆಯ ಎದುರಿನಲ್ಲಿ ಮನೆ ಕಟ್ಟುವವರ ಮಕ್ಕಳು ಹಗಲೆಲ್ಲಾ ಆಡುತ್ತಿದ್ದರೆ, ಅವರು ಯಾವ ಊರಿನವರೆಂದು ಕೇಳಿರಿ. ಕೂಡ್ಲಿಗಿಯೆಂದೋ ಹರಪನಹಳ್ಳಿಯೆಂದೋ ಉತ್ತರ ಬಂದೀತು. ಆ ಮಗುವಿನ ಕೈಹಿಡಿದು ಹತ್ತಿರದ ಶಾಲೆಯ ಬಾಗಿಲವರೆಗೆ ಕರೆದುಕೊಂಡು ಹೋಗುವದಕ್ಕೆ ಅರ್ಧ ತಾಸು ಸಾಕು.

ಕಡೆಯದಾಗಿ ಒಂದು ಮಾತು. ಶಾಲೆಯು ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಸಾಮಾನಲ್ಲ. ಆರಿಸಿದ ಮೇಲೆ ಅದನ್ನು ಬೆಳೆಸಲೂ ಬೇಕು. ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ಪೋಷಕರೂ ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದೆಂದು ಕಾನೂನು ಹೇಳುತ್ತದೆ. ಓದಿದ ತಾಯಂದಿರು ತಮ್ಮ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಸರಕಾರಿ ಶಾಲೆ ಕೆಟ್ಟಿತೆಂದು ಮರುಗಿದರೆ, ಆ ಕುರ್ಚಿಗಳಲ್ಲಿ ಕುಳಿತು ಕೇಳುವವರಾರು? ನೀರಿನ ಮಾತು, ಬೀಗದ ಮಾತು, ಗೈರುಹಾಜರಾದ ಉಪಾಧ್ಯಾಯನ ಮಾತು ಅಲ್ಲಿಯೇ ಎತ್ತತಕ್ಕವು. ಎಲ್ಲರೂ ಸರಕಾರಿ ಶಾಲೆಗೇ ಕಳುಹಿಸಬೇಕೆಂದು ನಾವು ಆಗ್ರಹ ಮಾಡುವದಿಲ್ಲ. ನೋಡದೆ ತಳ್ಳಿಹಾಕಬೇಡಿರಿ, ನೋಡದೆ ಒಪ್ಪಿಕೊಳ್ಳಲೂ ಬೇಡಿರಿ. ಮಗನಿಗೆ ಯಾವದನ್ನು ಒಪ್ಪುವಿರೋ ಅದನ್ನೇ ಮಗಳಿಗೂ ಒಪ್ಪಿರಿ. ಮಗುವನ್ನು ಸೇರಿಸಿದ ಮೇಲೆ ತಿಂಗಳಿಗೊಮ್ಮೆಯಾದರೂ ಆ ಬಾಗಿಲನ್ನು ತುಳಿಯಿರಿ. ಮೂರು ವರುಷಕ್ಕೆ ನೀವು ಆ ಊರನ್ನು ಬಿಟ್ಟು ಹೋಗಬಹುದು. ನೀವು ಕೇಳಿ ತೆಗೆಸಿದ ಬೀಗವು ನಿಮ್ಮ ಹಿಂದೆ ಬರುವ ಮತ್ತೊಬ್ಬ ಹುಡುಗಿಗೆ ತೆರೆದಿರುವದು.